ಉತಾರದಲ್ಲಿ 96 ಗುಂಟೆ, ಪ್ರೋಗ್ರಾಮಿನಲ್ಲಿ 100: ಕ್ಷೇತ್ರಫಲದ ಲೆಕ್ಕ ತಪ್ಪಿದಾಗ ದೋಷ ಹುಡುಕುವ ಬಗೆ

ಗದಗ ಜಿಲ್ಲೆಯ ಒಂದು ಊರಿನಲ್ಲಿ ಪಿಯುಸಿ ಮಕ್ಕಳಿಗೆ ಸಂಜೆ ಹೊತ್ತು ಪ್ರೋಗ್ರಾಮಿಂಗ್ ಹೇಳಿಕೊಡುತ್ತೇನೆ. ಮೊದಲ ವಾರದ ಪಾಠ ಯಾವಾಗಲೂ ಒಂದೇ: ಉದ್ದ, ಅಗಲ ಕೇಳಿ ಕ್ಷೇತ್ರಫಲ ಹೇಳುವ ಪುಟ್ಟ ಪ್ರೋಗ್ರಾಂ. ಕಳೆದ ಬೇಸಿಗೆಯಲ್ಲಿ, ಕಡಲೆ ಕಿತ್ತು ಎರೆಹೊಲ ಬರಿದಾಗಿದ್ದಾಗ, ಒಬ್ಬ ವಿದ್ಯಾರ್ಥಿನಿ ಆ ಪ್ರೋಗ್ರಾಮನ್ನು ತನ್ನ ಮನೆಯ ಹೊಲಕ್ಕೇ ಹಚ್ಚಿ ನೋಡಿದಳು. ಅಣ್ಣನ ಜೊತೆ ಟೇಪು ಹಿಡಿದು ನಾಲ್ಕೂ ಬದು ಅಳೆದಳು. ಪ್ರೋಗ್ರಾಂ 2 ಎಕರೆ 20 ಗುಂಟೆ ಎಂದಿತು. ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಇದ್ದದ್ದು 2 ಎಕರೆ 16 ಗುಂಟೆ.

ನಾಲ್ಕು ಗುಂಟೆ ಸಣ್ಣ ಮಾತಲ್ಲ. ಮೋಜಣಿಯಲ್ಲಿ ಕಡಿಮೆ ಬರೆದಿದ್ದಾರೆ, ಹದ್ದುಬಸ್ತಿಗೆ (ಗಡಿ ಅಳೆದು ಗುರುತಿಸಲು) ಅರ್ಜಿ ಕೊಡೋಣ ಎಂದು ಅವಳ ಕಾಕಾ ಹೊರಟರು. ಬದು ಸರಿಸಿ ಪಕ್ಕದವರ ಹೊಲ ಒತ್ತಿದ ಅಪವಾದ ತಮ್ಮ ಮನೆತನಕ್ಕೆ ಬಂದೀತೇ ಎಂದು ಅಜ್ಜ ಒಳಗೊಳಗೇ ನೊಂದರು. ಹುಡುಗಿ ಮಾತ್ರ ನನ್ನ ಹತ್ತಿರ ಬಂದು, "ಸರ್, ಪ್ರೋಗ್ರಾಂ ಒಂದೂ ಎರರ್ ಕೊಟ್ಟಿಲ್ಲ. ಆದರೂ ತಪ್ಪಿರಬಹುದೇ?" ಎಂದು ಕೇಳಿದಳು. ಈ ಕೈಪಿಡಿ ಬರೆಯಲು ಕಾರಣ ಆ ಪ್ರಶ್ನೆ. ಎರರ್ ಕೊಡುವ ಪ್ರೋಗ್ರಾಮನ್ನು ಅರ್ಧ ಗಂಟೆಯಲ್ಲಿ ಸರಿಪಡಿಸಬಹುದು. ಸುಮ್ಮನೆ ತಪ್ಪು ಉತ್ತರ ಕೊಡುವುದನ್ನು ಹಿಡಿಯಲು ಬೇರೆಯದೇ ಕಣ್ಣು ಬೇಕು.

ಪ್ರೋಗ್ರಾಂ ಶುರುವಾದದ್ದು ಹೀಗೆ:

ಉದ್ದ = ಫ್ಲೋಟ್(ಇನ್‌ಪುಟ್("ಉದ್ದ ಎಷ್ಟು ಅಡಿ? "))
ಅಗಲ = ಫ್ಲೋಟ್(ಇನ್‌ಪುಟ್("ಅಗಲ ಎಷ್ಟು ಅಡಿ? "))
ಕ್ಷೇತ್ರಫಲ = ಉದ್ದ * ಅಗಲ
ಪ್ರಿಂಟ್(ಕ್ಷೇತ್ರಫಲ / 1089, "ಗುಂಟೆ")

ಭಾಷೆ ಪೈಥಾನ್. ಆಜ್ಞೆಗಳನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲಿ ಬರೆದಿದ್ದೇನೆ; ಟೈಪ್ ಮಾಡುವಾಗ ಫ್ಲೋಟ್, ಇನ್‌ಪುಟ್, ಪ್ರಿಂಟ್ ಇವು ಇಂಗ್ಲಿಷಿನ ಸಣ್ಣಕ್ಷರಗಳಲ್ಲೇ ಇರಬೇಕು. ಉದ್ದ, ಅಗಲ, ಕ್ಷೇತ್ರಫಲ ಎಂಬ ಹೆಸರುಗಳನ್ನು ಮಾತ್ರ ಕನ್ನಡದಲ್ಲೇ ಇಡಬಹುದು. 2008ರಲ್ಲಿ ಬಂದ ಪೈಥಾನ್ 3 ಅದಕ್ಕೆ ಅವಕಾಶ ಮಾಡಿಕೊಟ್ಟಿದೆ, ನಾನು ಮಕ್ಕಳಿಂದ ಹಾಗೆಯೇ ಬರೆಸುತ್ತೇನೆ. ತನ್ನ ಭಾಷೆಯ ಹೆಸರಿಟ್ಟ ಮಗು ಯಾವ ಪೆಟ್ಟಿಗೆಯಲ್ಲಿ ಏನಿದೆ ಎಂಬುದನ್ನು ಮರೆಯುವುದಿಲ್ಲ.

ಉತ್ತರ ಗೊತ್ತಿರುವ ಲೆಕ್ಕ ಮೊದಲು

ದೋಷ ಹುಡುಕುವ ಮುನ್ನ ಕೈಯಲ್ಲಿ ಒಂದೆರಡು ಖಚಿತ ಉತ್ತರಗಳಿರಬೇಕು. ನಮ್ಮ ಕಡೆ ಅವು ಸಿದ್ಧವಾಗಿಯೇ ಇವೆ. ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತದಲ್ಲಿದ್ದಾಗ ಮೋಜಣಿಗೆ ಬಳಸಿದ ಸರಪಳಿ 33 ಅಡಿಯದು, 16 ಆಣೆಗಳಾಗಿ ಭಾಗವಾದದ್ದು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಎಂದರೆ ಒಂದು ಗುಂಟೆ, ಅಂದರೆ 1089 ಚದರ ಅಡಿ. ನಲವತ್ತು ಗುಂಟೆಗೆ ಒಂದು ಎಕರೆ, 43,560 ಚದರ ಅಡಿ. ಗದಗ, ಹಾವೇರಿ 1997ರಲ್ಲಿ ಬೇರೆ ಜಿಲ್ಲೆಗಳಾದವು, ಗುಂಟೆಯ ಲೆಕ್ಕ ಬದಲಾಗಲಿಲ್ಲ.

ಹಾಗಾಗಿ 33, 33 ಕೊಟ್ಟರೆ 1 ಗುಂಟೆ ಬರಬೇಕು. 66, 660 ಕೊಟ್ಟರೆ 40 ಬರಬೇಕು. ಹುಬ್ಬಳ್ಳಿಯಲ್ಲಿ ಎಲ್ಲರ ಬಾಯಲ್ಲಿರುವ ಮೂವತ್ತು ನಲವತ್ತರ ಸೈಟು 1200 ಚದರ ಅಡಿ, ಒಂದು ಗುಂಟೆಗಿಂತ ತುಸು ಹೆಚ್ಚು. ಪ್ರೋಗ್ರಾಮಿನಲ್ಲಿ ಒಂದು ಸಾಲು ತಿದ್ದಿದಾಗಲೂ ಈ ಮೂರನ್ನು ಮತ್ತೆ ಕೊಟ್ಟು ನೋಡಬೇಕು.

ಪ್ರೋಗ್ರಾಂ ಓಡುವುದೇ ಇಲ್ಲ

ಇಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಿಲ್ಲ. ಕೆಂಪಕ್ಷರದ ಉದ್ದನೆಯ ಸಂದೇಶ ಬಂದರೆ ಕೊನೆಯ ಸಾಲನ್ನು ಮೊದಲು ಓದಿ. ತಪ್ಪಿನ ಜಾತಿ ಅಲ್ಲಿರುತ್ತದೆ, ಅದರ ಮೇಲೆ ಸಾಲಿನ ಸಂಖ್ಯೆ ಇರುತ್ತದೆ. ಆ ಸಾಲಿನಲ್ಲಿ ಏನೂ ಕಾಣದಿದ್ದರೆ ಅದರ ಹಿಂದಿನ ಸಾಲಿನಲ್ಲಿ ಮುಚ್ಚದ ಆವರಣ ಇದೆಯೇ ನೋಡಿ. ಪೈಥಾನಿನ ಹಳೆಯ ಆವೃತ್ತಿಗಳು ಇದನ್ನು ಮುಂದಿನ ಸಾಲಿನ ತಪ್ಪಾಗಿ ತೋರಿಸುತ್ತವೆ.

ನಮ್ಮ ಮಕ್ಕಳಲ್ಲಿ ಬಹುಪಾಲು ಮಂದಿ ಮೊಬೈಲಿನಲ್ಲೇ ಬರೆಯುತ್ತಾರೆ. ಅದರಿಂದ ಬರುವ ತೊಂದರೆಗಳು ಬೇರೆ. ಸಾಲಿನ ಮೊದಲ ಅಕ್ಷರವನ್ನು ಕೀಲಿಮಣೆ ತಾನಾಗಿಯೇ ದೊಡ್ಡಕ್ಷರ ಮಾಡುತ್ತದೆ. ಆಗ ಪ್ರಿಂಟ್ ಎಂಬುದು ಪೈಥಾನಿಗೆ ಗುರುತು ಸಿಗದ ಹೆಸರಾಗಿ ನೇಮ್ ಎರರ್ ಬರುತ್ತದೆ. ವಾಟ್ಸಾಪಿನಿಂದ ನಕಲು ಮಾಡಿ ಅಂಟಿಸಿದರೆ ನೇರ ಉದ್ಧರಣ ಚಿಹ್ನೆಯ ಜಾಗದಲ್ಲಿ ಬಾಗಿದ ಚಿಹ್ನೆ ಬಂದಿರಬಹುದು. ಪಠ್ಯಪುಸ್ತಕದ × ಗುರುತನ್ನು ಹಾಗೆಯೇ ಹಾಕಿದವರೂ ಇದ್ದಾರೆ. ಗುಣಾಕಾರಕ್ಕೆ ನಕ್ಷತ್ರ ಚಿಹ್ನೆಯೇ ಬೇಕು.

ಕನ್ನಡದಲ್ಲಿ ಹೆಸರಿಡುವವರಿಗೆ ಇನ್ನೆರಡು ಸಂಗತಿ ಗೊತ್ತಿರಬೇಕು. ‘ಸೈಟ್‌ಉದ್ದ’ ಎಂದು ಹೆಸರಿಟ್ಟರೆ ಓಡುವುದಿಲ್ಲ. ಟ್ ಎಂಬ ಅರ್ಧಾಕ್ಷರ ಮುಂದಿನದರ ಜೊತೆ ಕೂಡದಂತೆ ತಡೆಯಲು ಕೀಲಿಮಣೆ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಸೇರಿಸುತ್ತದೆ, ಹೆಸರಿನೊಳಗೆ ಅದನ್ನು ಪೈಥಾನ್ ಒಪ್ಪುವುದಿಲ್ಲ. ಎಷ್ಟು ದಿಟ್ಟಿಸಿದರೂ ತಪ್ಪು ಕಾಣುವುದಿಲ್ಲ, ಏಕೆಂದರೆ ಕಾಣುವಂಥದ್ದೇನೂ ಅಲ್ಲಿಲ್ಲ. ಅಂತಹ ಹೆಸರನ್ನು ಬಿಟ್ಟು ಬೇರೆ ಪದ ಆರಿಸಿಕೊಳ್ಳಿ. ಇನ್ನೊಂದು, ಕನ್ನಡ ಅಂಕಿ. ಪ್ರೋಗ್ರಾಮಿನ ಒಳಗೆ ೩೩ ಎಂದು ಬರೆದರೆ ಎರರ್. ಆದರೆ ಪ್ರೋಗ್ರಾಂ ಓಡುತ್ತಿರುವಾಗ ಪ್ರಶ್ನೆಗೆ ಉತ್ತರವಾಗಿ ೩೩ ಎಂದು ಕೊಟ್ಟರೆ ಫ್ಲೋಟ್ ಅದನ್ನು 33 ಎಂದೇ ಓದುತ್ತದೆ. ಇದನ್ನು ಮೊದಲ ಸಲ ನೋಡಿದ ದಿನ ನನಗಾದ ಸಂತೋಷ ಇನ್ನೂ ನೆನಪಿದೆ. ಅಜ್ಜಂದಿರು ತಮಗೆ ರೂಢಿಯಾದ ಅಂಕಿಯಲ್ಲೇ ಅಳತೆ ಕೊಡಬಹುದು.

ಅಳತೆ ಕೊಟ್ಟ ಕೂಡಲೇ ನಿಲ್ಲುತ್ತದೆ, ಅಥವಾ ಸಂಖ್ಯೆಗಳು ಅಂಟಿಕೊಳ್ಳುತ್ತವೆ

ಇನ್‌ಪುಟ್ ತಂದುಕೊಡುವುದು ಸಂಖ್ಯೆಯನ್ನಲ್ಲ, ಅಕ್ಷರಗಳ ಸಾಲನ್ನು. ಅದನ್ನು ಸಂಖ್ಯೆ ಮಾಡುವುದು ಫ್ಲೋಟ್. ಫ್ಲೋಟ್ ಮರೆತು ಎರಡು ಅಳತೆಗಳನ್ನು ಗುಣಿಸಿದರೆ ಟೈಪ್ ಎರರ್ ಬರುತ್ತದೆ. ಅದು ಒಳ್ಳೆಯದು, ತಪ್ಪು ಅಲ್ಲೇ ಗೊತ್ತಾಗುತ್ತದೆ. ಕೂಡಿಸಿದರೆ ಮಾತ್ರ ಎರರ್ ಬರುವುದಿಲ್ಲ. ಹೊಲದ ಸುತ್ತ ಬೇಲಿಗೆ ಎಷ್ಟು ತಂತಿ ಬೇಕು ಎಂದು 330 ಅಡಿಯ ನಾಲ್ಕು ಬದು ಕೂಡಿಸಿದ ಹುಡುಗನಿಗೆ 330330330330 ಎಂಬ ಉತ್ತರ ಬಂದಿತ್ತು. ಒಂದನ್ನು ಮಾತ್ರ ಪೂರ್ಣಾಂಕವಾಗಿ ಬದಲಿಸಿ ಇನ್ನೊಂದನ್ನು ಮರೆತು, ಗುಣಿಸಿ ಬಂದದ್ದನ್ನು 1089ರಿಂದ ಭಾಗಿಸದೆ ಹಾಗೆಯೇ ಪ್ರಿಂಟ್ ಮಾಡಿದರೆ ಇನ್ನೂ ವಿಚಿತ್ರ: 33, 33 ಕೊಟ್ಟಾಗ 33 ಎಂಬುದು ಮೂವತ್ಮೂರು ಸಲ ಸಾಲಾಗಿ ಅಚ್ಚಾಗುತ್ತದೆ. ಇಂಥ ಉದ್ದನೆಯ ಸಂಖ್ಯೆ ಕಂಡರೆ ಸೂತ್ರವನ್ನು ಮುಟ್ಟಬೇಡಿ, ಇನ್‌ಪುಟ್ ಇರುವ ಸಾಲಿಗೆ ಹೋಗಿ.

ಫ್ಲೋಟ್ ಹಾಕಿದ ಮೇಲೂ ವ್ಯಾಲ್ಯೂ ಎರರ್ ಬಂದರೆ ತಪ್ಪು ಪ್ರೋಗ್ರಾಮಿನದಲ್ಲ, ಕೊಟ್ಟ ಅಳತೆಯದು. "66 ಅಡಿ" ಎಂದೋ "1,089" ಎಂದೋ ಕೊಟ್ಟಿರುತ್ತಾರೆ. ಬರಿ ಅಂಕಿ ಕೊಡಿ, ನಡುವೆ ಅಲ್ಪವಿರಾಮ ಬೇಡ.

ಉತ್ತರ ಬರುತ್ತದೆ, ಆದರೆ ನೋಡಿದರೇ ಅಸಂಬದ್ಧ

ಸೊನ್ನೆ ಬಂದರೆ: ಡಿಪ್ಲೊಮಾ ಓದುವವರು ಸಿ ಭಾಷೆಯಲ್ಲಿ ತ್ರಿಕೋನದ ಕ್ಷೇತ್ರಫಲಕ್ಕೆ 1/2 * ಪಾದ * ಎತ್ತರ ಎಂದು ಬರೆಯುತ್ತಾರೆ. ಅಲ್ಲಿ ಎರಡು ಪೂರ್ಣಾಂಕಗಳ ಭಾಗಾಕಾರಕ್ಕೆ ಪೂರ್ಣಾಂಕವೇ ಉತ್ತರ, ಒಂದನ್ನು ಎರಡರಿಂದ ಭಾಗಿಸಿದರೆ ಸೊನ್ನೆ. 0.5 ಎಂದು ಬರೆದರೆ ಸರಿಹೋಗುತ್ತದೆ. ಪೈಥಾನ್ 3ರಲ್ಲಿ ಈ ತೊಂದರೆ ಇಲ್ಲ.

ಬರಬೇಕಾದದ್ದಕ್ಕಿಂತ ತೀರ ಚಿಕ್ಕದು ಬಂದರೆ: ರಾಶಿ ಮಾಡುವ ಕಣದ ತ್ರಿಜ್ಯ 7 ಅಡಿ ಎನ್ನಿ. 22/7ರ ಲೆಕ್ಕದಲ್ಲಿ 154 ಚದರ ಅಡಿ ಬರಬೇಕು. ಬಂದದ್ದು 15 ಚಿಲ್ಲರೆ. ತ್ರಿಜ್ಯವನ್ನು ಪೂರ್ಣಾಂಕವಾಗಿ ಇಟ್ಟುಕೊಂಡು, ಅದರ ವರ್ಗಕ್ಕೆ ಆವರಣದೊಳಗೆ ^ ಚಿಹ್ನೆ ಹಾಕಿರುತ್ತಾರೆ (ಫ್ಲೋಟ್ ಆಗಿದ್ದರೆ ಟೈಪ್ ಎರರ್ ಬರುತ್ತದೆ). ಪೈಥಾನಿನಲ್ಲಿ ಅದು ಘಾತವಲ್ಲ, ಎರಡು ಸಂಖ್ಯೆಗಳ ದ್ವಿಮಾನ ಅಂಕಿಗಳನ್ನು ಹೋಲಿಸುವ ಬೇರೆ ಕ್ರಿಯೆ. 7^2 ಎಂದರೆ ಅದಕ್ಕೆ 5. ವರ್ಗಕ್ಕೆ ಎರಡು ನಕ್ಷತ್ರ, 7**2. ನಾಲ್ಕು ಪಟ್ಟು ಹೆಚ್ಚು ಬಂದರೆ ತ್ರಿಜ್ಯದ ಬದಲು ವ್ಯಾಸ ಕೊಟ್ಟಿದ್ದೀರಿ, ಹಗ್ಗವನ್ನು ಕಣದ ಈ ಅಂಚಿನಿಂದ ಆ ಅಂಚಿಗೆ ಹಿಡಿದಿದ್ದೀರಿ.

ಋಣ ಸಂಖ್ಯೆ ಬಂದರೆ ಕೋನ ನೋಡಿ. ಎರಡು ಬದಿ ಮತ್ತು ನಡುವಿನ ಕೋನದಿಂದ ಲೆಕ್ಕ ಮಾಡುವಾಗ ಸೈನ್‌ಗೆ ನೇರವಾಗಿ 30 ಕೊಟ್ಟರೆ ಪೈಥಾನ್ ಅದನ್ನು ರೇಡಿಯನ್ ಎಂದು ತಿಳಿದು ಸುಮಾರು −0.988 ಎನ್ನುತ್ತದೆ, ಬೇಕಾದದ್ದು 0.5. ಡಿಗ್ರಿಯನ್ನು ಮೊದಲು ರೇಡಿಯನ್ನಿಗೆ ಬದಲಿಸಿ.

ಉತ್ತರ ನಂಬುವಂತಿದೆ, ಆದರೆ ತಪ್ಪು

ಈಗ ನಿಜವಾದ ವಿಷಯಕ್ಕೆ ಬರೋಣ. ಮೇಲಿನ ತಪ್ಪುಗಳು ಯಾರ ಮನೆಯಲ್ಲೂ ಜಗಳ ಹಚ್ಚಲಾರವು.

ಮೊದಲು ಚುಕ್ಕೆಯ ಸಂಗತಿ. ಉತಾರದಲ್ಲಿ ಎಕರೆ, ಗುಂಟೆ, ಆಣೆಗಳನ್ನು (ಇಲ್ಲಿ ಆಣೆ ಎಂದರೆ ಗುಂಟೆಯ ಹದಿನಾರನೆಯ ಒಂದು ಭಾಗ) ಸಾಲಾಗಿ ಇಟ್ಟು ನಡುವೆ ಚುಕ್ಕೆಯನ್ನೋ ಅಡ್ಡಗೆರೆಯನ್ನೋ ಹಾಕಿರುತ್ತಾರೆ. ಆ ಚುಕ್ಕೆ ದಶಮಾಂಶವಲ್ಲ. 2 ಎಕರೆ 16 ಗುಂಟೆಯನ್ನು 2.16 ಎಂದು ಕೊಟ್ಟರೆ ಪ್ರೋಗ್ರಾಂ ಅದನ್ನು 2 ಎಕರೆ 6 ಗುಂಟೆ ಚಿಲ್ಲರೆ ಎಂದು ಓದುತ್ತದೆ, ಹತ್ತು ಗುಂಟೆಯ ಹತ್ತಿರ ಮಾಯವಾಗುತ್ತದೆ. ಟೇಪಿನ ಅಳತೆಯಲ್ಲೂ ಇದೇ ಕತೆ. 33 ಅಡಿ 10 ಇಂಚನ್ನು 33.10 ಎಂದು ಕೊಟ್ಟರೆ ಅದು 33 ಅಡಿ ಒಂದು ಇಂಚಿಗಿಂತ ತುಸು ಹೆಚ್ಚಷ್ಟೇ. ಸರಿಯಾದದ್ದು 33.83. ಇದಕ್ಕೆ ಒಂದೇ ಪರಿಹಾರ ಎಂದು ನಾನು ನಂಬಿದ್ದೇನೆ: ಅಡಿಯನ್ನು ಒಂದು ಪ್ರಶ್ನೆಯಲ್ಲಿ, ಇಂಚನ್ನು ಇನ್ನೊಂದು ಪ್ರಶ್ನೆಯಲ್ಲಿ ಕೇಳಿ, ಇಂಚನ್ನು 12ರಿಂದ ಭಾಗಿಸಿ ಕೂಡಿಸಿ. "ಚುಕ್ಕೆ ಹಾಕಬೇಡಿ" ಎಂದು ಜನರಿಗೆ ಹೇಳಿ ಪ್ರಯೋಜನವಿಲ್ಲ, ತಲೆಮಾರುಗಳಿಂದ ಬಂದ ಬರವಣಿಗೆ ಅದು. ಪ್ರೋಗ್ರಾಂ ಜನರಿಗೆ ಹೊಂದಿಕೊಳ್ಳಬೇಕು.

ಹುಡುಗಿಯ ಪ್ರೋಗ್ರಾಮಿನಲ್ಲಿ ಈ ತಪ್ಪು ಇರಲಿಲ್ಲ. ಅವಳು ಅಡಿ, ಇಂಚು ಬೇರೆ ಬೇರೆ ಕೇಳಿದ್ದಳು. ಅವಳ ಸೂತ್ರ ಹೀಗಿತ್ತು:

ಕ್ಷೇತ್ರಫಲ = (ಬದು1 + ಬದು3) / 2 * (ಬದು2 + ಬದು4) / 2

ಎದುರುಬದುರು ಬದುಗಳ ಸರಾಸರಿ ತೆಗೆದು ಗುಣಿಸುವುದು. ಊರಿನಲ್ಲಿ ಹೊಲ ಕೋರಿಗೆ ಕೊಡುವಾಗ, ಕೂಲಿ ಗುತ್ತಿಗೆ ಮಾತಾಡುವಾಗ ಹಿರಿಯರು ಮನಸ್ಸಿನಲ್ಲೇ ಮಾಡುವ ಲೆಕ್ಕವೂ ಇದೇ. ಅಜ್ಜನೇ ಅವಳಿಗೆ ಕಲಿಸಿದ್ದರು. ಮೊದಲು ಆವರಣ ನೋಡಿದೆ. ಆವರಣ ಬಿಟ್ಟಿದ್ದರೆ ಭಾಗಾಕಾರ, ಗುಣಾಕಾರ ಮೊದಲು ನಡೆದು ಉತ್ತರ ಅರ್ಧದಷ್ಟು, 50 ಗುಂಟೆಯ ಆಸುಪಾಸಿಗೆ ಇಳಿಯುತ್ತಿತ್ತು. ಆವರಣ ಸರಿಯಾಗಿತ್ತು. 33ರ ನಾಲ್ಕು ಬದು ಕೊಟ್ಟೆವು, 1 ಗುಂಟೆ ಬಂತು. 66, 660, 66, 660 ಕೊಟ್ಟೆವು, 40 ಬಂತು. ಸೈಟು ಕೊಟ್ಟೆವು, ಅದೂ ಸರಿ. ಅವಳ ಮುಖ ಇನ್ನಷ್ಟು ಬಾಡಿತು. ಎಲ್ಲ ಪರೀಕ್ಷೆಯಲ್ಲೂ ಪಾಸಾದ ಪ್ರೋಗ್ರಾಂ ಹೊಲದಲ್ಲಿ ಮಾತ್ರ ಹೇಗೆ ತಪ್ಪೀತು?

ನಾನು ಅವಳ ಅಳತೆ ಕೇಳಿದೆ. ಓದುವವರಿಗೆ ಸುಲಭವಾಗಲೆಂದು ಅಂಚಿನ ಇಂಚುಗಳನ್ನು ಬಿಟ್ಟು ಹೇಳುತ್ತೇನೆ: ನಾಲ್ಕೂ ಬದು 330 ಅಡಿ. ಸರಾಸರಿಯೂ 330, ಗುಣಿಸಿದರೆ 1,08,900 ಚದರ ಅಡಿ, ಸರಿಯಾಗಿ 100 ಗುಂಟೆ. "ಹೊಲದ ಮೂಲೆ ಕಾಟಕೋನವೇ, ಅಂದರೆ 90 ಡಿಗ್ರಿಯೇ?" ಎಂದೆ. ಅವಳಿಗೆ ಗೊತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಹೊಲಕ್ಕೇ ಹೋದೆವು.

ಬದುವಿನ ಮೇಲೆ ಕೂತು ನಾಲ್ಕು ಜೋಳದ ದಂಟುಗಳನ್ನು ಒಂದೇ ಉದ್ದಕ್ಕೆ ಮುರಿದೆ. ತುದಿಗಳನ್ನು ಜಾಲಿಮುಳ್ಳಿನಿಂದ ಒಂದಕ್ಕೊಂದು ಚುಚ್ಚಿ ಚೌಕ ಮಾಡಿ ಅವಳ ಕೈಗೆ ಕೊಟ್ಟೆ. ಎರಡು ಎದುರು ಮೂಲೆಗಳನ್ನು ಹಿಡಿದು ಮೆಲ್ಲಗೆ ಎಳೆಯಲು ಹೇಳಿದೆ. ಚೌಕ ವಾಲಿತು, ಕಿರಿದಾಯಿತು, ಕೊನೆಗೆ ದಂಟುಗಳು ಒಂದಕ್ಕೊಂದು ತಾಗಿ ಒಳಗಿನ ಜಾಗವೇ ಇಲ್ಲವಾಯಿತು. ದಂಟಿನ ಉದ್ದ ಕೂದಲಷ್ಟೂ ಬದಲಾಗಿರಲಿಲ್ಲ. ಅವಳು ಎಳೆಯುವುದನ್ನು ನಿಲ್ಲಿಸಿ, "ಸರ್, ನಾಲ್ಕು ಬದು ಗೊತ್ತಿದ್ದರೆ ಸಾಲದು" ಎಂದಳು. ಅಜ್ಜ ಆ ಚೌಕವನ್ನು ಇಸಿದುಕೊಂಡು ತಾವೂ ಎರಡು ಸಲ ಎಳೆದು ನೋಡಿದರು.

ದೋಷ ಇದ್ದದ್ದು ಅಲ್ಲಿ. ಆ ಸೂತ್ರ ಆಯತಕ್ಕೆ ಮಾತ್ರ ಸರಿಯಾದ ಉತ್ತರ ಕೊಡುತ್ತದೆ. ಉಳಿದ ಯಾವ ನಾಲ್ಕು ಬದುವಿನ ಹೊಲಕ್ಕೂ ಹೆಚ್ಚೇ ತೋರಿಸುತ್ತದೆ, ಎಂದೂ ಕಡಿಮೆ ತೋರಿಸುವುದಿಲ್ಲ. ನಾವು ಕೊಟ್ಟ ಮೂರು ಪರೀಕ್ಷೆಗಳೂ ಆಯತಗಳೇ ಆಗಿದ್ದವು. ತಪ್ಪು ಅಡಗಿರುವ ಕಡೆಗೆ ನಮ್ಮ ಪರೀಕ್ಷೆ ಹೋಗಿಯೇ ಇರಲಿಲ್ಲ.

ಇದು ಇಂದಿನ ಸಂಗತಿಯಲ್ಲ. 9ನೆಯ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದಲ್ಲಿದ್ದ ಗಣಿತಜ್ಞ ಮಹಾವೀರಾಚಾರ್ಯ ಕ್ಷೇತ್ರಗಣಿತದಲ್ಲಿ ಎರಡು ಬಗೆಯನ್ನು ಬೇರೆ ಬೇರೆಯಾಗಿಯೇ ಹೇಳಿದ್ದಾನೆ: ವ್ಯವಹಾರಕ್ಕೆ ಸಾಕಾಗುವ ಸ್ಥೂಲ ಲೆಕ್ಕ ಒಂದು, ಸೂಕ್ಷ್ಮ ಲೆಕ್ಕ ಇನ್ನೊಂದು. ಅಜ್ಜನ ಲೆಕ್ಕ ಸ್ಥೂಲ. ಕೂಲಿ ಮಾತಾಡಲು ಅದು ಸಾಕು, ಅದನ್ನು ತಪ್ಪು ಎನ್ನಲು ನನಗೆ ಮನಸ್ಸಿಲ್ಲ. ಉತಾರದ ಜೊತೆ ಹೋಲಿಸಲು ಸೂಕ್ಷ್ಮ ಲೆಕ್ಕ ಬೇಕು.

ತಿದ್ದಿದ್ದು ಹೀಗೆ

ಹೊಲದ ಮೂಲೆಗಳಿಗೆ 1, 2, 3, 4 ಎಂದು ಸುತ್ತು ಬರುವಂತೆ ಸಂಖ್ಯೆ ಕೊಟ್ಟೆವು. ಮೂಲೆ 1ರಿಂದ ಮೂಲೆ 3ಕ್ಕೆ ನೇರವಾಗಿ ಹಗ್ಗ ಹಿಡಿದು ಕರ್ಣ ಅಳೆದೆವು: 396 ಅಡಿ. ಈಗ ಹೊಲ ಎರಡು ತ್ರಿಕೋನ. ತ್ರಿಕೋನದ ಮೂರು ಬದಿ ಗೊತ್ತಾದರೆ ಅದು ವಾಲಲಾರದು, ಕ್ಷೇತ್ರಫಲ ಒಂದೇ.

ಡೆಫ್ ತ್ರಿಕೋನ(ಅ, ಆ, ಇ):
    ಮ = (ಅ + ಆ + ಇ) / 2
    ರಿಟರ್ನ್ (ಮ * (ಮ - ಅ) * (ಮ - ಆ) * (ಮ - ಇ)) ** 0.5

ಹೊಲ = ತ್ರಿಕೋನ(ಬದು1, ಬದು2, ಕರ್ಣ) + ತ್ರಿಕೋನ(ಬದು3, ಬದು4, ಕರ್ಣ)

ಶಾಲೆಯಲ್ಲಿ ಓದಿದ ಹೆರಾನನ ಸೂತ್ರವೇ. ಒಂದೊಂದು ತ್ರಿಕೋನ 52,272 ಚದರ ಅಡಿ, ಎರಡೂ ಕೂಡಿ 1,04,544. ಅದನ್ನು 1089ರಿಂದ ಭಾಗಿಸಿದರೆ 96. ಎರಡು ಎಕರೆ ಹದಿನಾರು ಗುಂಟೆ. ಉತಾರ ಸರಿಯಾಗಿತ್ತು, ಬದು ತನ್ನ ಜಾಗದಲ್ಲೇ ಇತ್ತು.

ಈ ಹಂತದಲ್ಲಿ ಎರಡು ತಪ್ಪು ಆಗುತ್ತವೆ. ಉತ್ತರದ ಕೊನೆಗೆ ಜೆ ಎಂಬ ಇಂಗ್ಲಿಷ್ ಅಕ್ಷರ ಕಂಡರೆ ವರ್ಗಮೂಲದೊಳಗೆ ಋಣ ಸಂಖ್ಯೆ ಬಿದ್ದಿದೆ. ಅಂದರೆ ನೀವು ಕೊಟ್ಟ ಮೂರು ಅಳತೆಗಳಿಂದ ತ್ರಿಕೋನವೇ ಆಗುವುದಿಲ್ಲ, ಎರಡು ಬದಿಗಳ ಮೊತ್ತ ಮೂರನೆಯದಕ್ಕಿಂತ ಕಡಿಮೆ ಇದೆ. ಟೇಪಿನಲ್ಲಿ ನೂರು ಅಡಿ ಎಣಿಸುವುದು ಬಿಟ್ಟುಹೋಗಿರುತ್ತದೆ, ಮತ್ತೆ ಅಳೆಯಿರಿ. ಎರಡನೆಯದು, 1ರಿಂದ 3ಕ್ಕೆ ಅಳೆಯುವ ಬದಲು 2ರಿಂದ 4ಕ್ಕೆ ಅಳೆದು ಅದೇ ಸಾಲಿನಲ್ಲಿ ಕೊಡುವುದು. ಆ ಕರ್ಣಕ್ಕೆ ಬದು2ರ ಜೊತೆಗಾರ ಬದು3, ಬದು1ರ ಜೊತೆಗಾರ ಬದು4. ಚಿತ್ರ ಬರೆದುಕೊಳ್ಳದೆ ಇದನ್ನು ಮಾಡಬೇಡಿ. ಹೊಲ ಒಂದು ಕಡೆ ಒಳಕ್ಕೆ ಮುರಿದಿದ್ದರೆ ಕರ್ಣ ನಿಮ್ಮ ಹೊಲದೊಳಗೇ ಹಾದುಹೋಗುವಂತೆ ಆರಿಸಿಕೊಳ್ಳಿ.

ಪರೀಕ್ಷೆಯ ಪಟ್ಟಿಗೂ ವಾಲಿದ ಆಕಾರವೊಂದನ್ನು ಸೇರಿಸಿದೆವು. ರಟ್ಟಿನಲ್ಲಿ 3, 4, 5 ಅಳತೆಯ ನಾಲ್ಕು ತ್ರಿಕೋನ ಕತ್ತರಿಸಿ, ಕಾಟಕೋನಗಳು ನಡುವೆ ಸೇರುವಂತೆ ಜೋಡಿಸಿದರೆ ಹೊರಗಿನ ನಾಲ್ಕೂ ಬದಿ 5, ಒಂದು ಕರ್ಣ 6, ಇನ್ನೊಂದು 8. ಒಂದೊಂದು ತ್ರಿಕೋನ 6, ಒಟ್ಟು 24. ಹಳೆಯ ಸೂತ್ರ ಇಲ್ಲಿ 25 ಎನ್ನುತ್ತದೆ. ಈ ಒಂದು ಪರೀಕ್ಷೆ ಮೊದಲೇ ಇದ್ದಿದ್ದರೆ ಕಾಕಾ ಅರ್ಜಿ ಬರೆಸಲು ಹೋಗುತ್ತಿರಲಿಲ್ಲ.

ಚಿಲ್ಲರೆ ಅಂಕಿಗಳ ಬಗ್ಗೆ

1.1ನ್ನು 1.1ರಿಂದ ಗುಣಿಸಿದರೆ ಪೈಥಾನ್ 1.2100000000000002 ಎಂದು ತೋರಿಸುತ್ತದೆ. ಕಂಪ್ಯೂಟರ್ ದಶಮಾಂಶವನ್ನು ದ್ವಿಮಾನದಲ್ಲಿ ಇಟ್ಟುಕೊಳ್ಳುವುದರಿಂದ ಉಳಿಯುವ ಶೇಷ ಅದು, ಗಾಬರಿ ಬೇಡ. ತೋರಿಸುವಾಗ ಮಾತ್ರ ರೌಂಡ್ ಮಾಡಿ. ಎಕರೆ, ಗುಂಟೆಯಾಗಿ ಒಡೆದ ಮೇಲೆ ರೌಂಡ್ ಮಾಡಿದರೆ 43,540 ಚದರ ಅಡಿ "0 ಎಕರೆ 40 ಗುಂಟೆ" ಆಗುತ್ತದೆ. ಚದರ ಅಡಿಯನ್ನು 68.0625ರಿಂದ ಭಾಗಿಸಿ ಮೊದಲು ಆಣೆ ಮಾಡಿ, ಅಲ್ಲೇ ರೌಂಡ್ ಮಾಡಿ, ನಂತರ 16ರಿಂದ ಗುಂಟೆ, 40ರಿಂದ ಎಕರೆ ತೆಗೆಯಿರಿ.

ಅಂದು ಮಧ್ಯಾಹ್ನದ ಬಿಸಿಲು ಏರುವ ಮುಂಚೆ ಅಜ್ಜ ಇನ್ನೊಂದು ಕರ್ಣವನ್ನೂ ಅಳೆಯಿಸಿದರು. 528 ಅಡಿ. ಹುಡುಗಿ ಬದುಗಳ ಜೋಡಿ ಬದಲಿಸಿ ಅದನ್ನು ಕೊಟ್ಟಳು, ಮತ್ತೆ 96 ಬಂತು. ಈಗ ಅವಳ ಪ್ರೋಗ್ರಾಂ ನಾಲ್ಕು ಬದುಗಳ ನಂತರ ಎರಡೂ ಕರ್ಣಗಳನ್ನು ಕೇಳುತ್ತದೆ, ಎರಡು ಬಗೆಯಲ್ಲಿ ಲೆಕ್ಕ ಮಾಡುತ್ತದೆ. ಉತ್ತರಗಳ ನಡುವೆ ಎಂಟು ಆಣೆಗಿಂತ ಹೆಚ್ಚು ಅಂತರ ಬಂದರೆ ಗುಂಟೆ ತೋರಿಸದೆ, "ಟೇಪು ಹಿಡಿದು ಮತ್ತೊಮ್ಮೆ ಅಳೆಯಿರಿ" ಎನ್ನುತ್ತದೆ.